ಶ್ರದ್ಧಾಂಜಲಿಯಲ್ಲಿ ಬಿಟ್ಟುಹೋದ ಸಾಲು

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಮ್ಮಮ್ಮ ತೀರಿಕೊಂಡಾಗ ಪೇಪರ್‌ಗೆ ಶ್ರದ್ಧಾಂಜಲಿ ಕೊಡಬೇಕಿತ್ತು. ಅಣ್ಣ ಬರೆದುಕೊಟ್ಟ: 'ಮಮತಾಮಯಿ, ತ್ಯಾಗಮಯಿ'. ಮೇಲೆ ಫೋಟೊ, ಕೆಳಗೆ ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳ ಹೆಸರು. 31 ವರ್ಷ ಸರ್ಕಾರಿ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿದ್ಲು ಅನ್ನೋದು ಮಾತ್ರ ಎಲ್ಲೂ ಇಲ್ಲ. ಕೇಳಿದ್ರೆ, "ಒಂದು ಸಾಲು ಜಾಸ್ತಿ ಆಗುತ್ತೆ, ರೇಟು ಮೇಲಕ್ಕೆ ಹೋಗುತ್ತೆ" ಅಂದ. ನಾನೂ ಸುಮ್ನಾದೆ. ಅದು ನನ್ನ ತಪ್ಪು, ಅದಕ್ಕೇ ಇವತ್ತಿನ ಈ ವಿಡಿಯೋ.

ಆದ್ರೆ ಇವತ್ತು ಹೇಳೋಕೆ ಹೊರಟಿರೋದು ಬೇರೊಬ್ಬ ನರ್ಸ್ ಕತೆ. ಎಲ್ಫ್ರೀಡಾ ಡಿಕ್ ಅಂತ. ಹುಟ್ಟಿದ್ದು 1917ರಲ್ಲಿ, ರಷ್ಯಾದಲ್ಲಿ. ಜಾತಿ ಕೇಳಿದ್ರೆ ಮೆನೋನೈಟ್. ಅದು ಜಾತಿ ಅಲ್ಲ ಬಿಡಿ, ನಮ್ಮ ಬಾಯಿಗೆ ಹಾಗೆ ಬಂದುಬಿಡುತ್ತೆ. 16ನೇ ಶತಮಾನದ ಮೆನೊ ಸಿಮನ್ಸ್ ಅನ್ನೋ ಪಾದ್ರಿಯ ಹೆಸರು ಹೊತ್ತ ಕ್ರೈಸ್ತ ಪಂಥ. ಬುದ್ಧಿ ಬಂದ ಮೇಲೇನೇ ದೀಕ್ಷಾಸ್ನಾನ. ಆಯುಧ ಮುಟ್ಟೋ ಹಾಗಿಲ್ಲ, ಸೈನ್ಯ ಸೇರೋ ಹಾಗಿಲ್ಲ. ಇಂಥ ಪ್ರಜೆಗಳು ಯಾವ ದೊರೆಗೆ ಬೇಕು ಹೇಳಿ? ಅದಕ್ಕೇ ಹಾಲೆಂಡು, ಪ್ರಶ್ಯಾ, ರಷ್ಯಾ, ಕೆನಡಾ ಅಂತ ಅಲೀತಾನೇ ಬಂದ್ರು. ಬೆಂಗಳೂರಿಂದ ಹೈದರಾಬಾದ್ ಬಸ್ ಹತ್ತಿದವರು ಜಡ್ಚರ್ಲಾ ದಾಟಿರ್ತೀರಿ. ಅಲ್ಲೂ ಇವರ ಮಿಷನ್ ಕಟ್ಟಿದ ಆಸ್ಪತ್ರೆ ಒಂದಿದೆ.

ಎಲ್ಫ್ರೀಡಾ ಮನೆಯವರು ಕ್ರಾಂತಿ, ಬರಗಾಲ ಎಲ್ಲ ಕಂಡು, ಆಕೆ ಚಿಕ್ಕವರಿದ್ದಾಗಲೇ ಕೆನಡಾಕ್ಕೆ ಬಂದ್ರು. ಆಕೆ ನರ್ಸಿಂಗ್ ಓದಿದ್ರು. 1942ರಲ್ಲಿ, ಅಟ್ಲಾಂಟಿಕ್ ತುಂಬ ಜರ್ಮನ್ ಸಬ್‌ಮರೀನ್‌ಗಳು ಓಡಾಡ್ತಿದ್ದ ಕಾಲದಲ್ಲಿ, ಮೆನೋನೈಟರ ಪರಿಹಾರ ಸಂಸ್ಥೆಯ ಕಡೆಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದ್ರು. ಅಲ್ಲೇ ಪೀಟರ್ ಡಿಕ್ ಪರಿಚಯ, 1944ರಲ್ಲಿ ಮದುವೆ. ಪೀಟರೂ ರಷ್ಯಾದವರೇ. 1920ರ ದಶಕದ ಆ ಬರದಲ್ಲಿ ಇದೇ ಸಂಸ್ಥೆ ಹಾಕಿದ ಊಟದಿಂದ ಬದುಕಿಕೊಂಡ ಹುಡುಗ.

ಈಗ ಬರ್ಲಿನ್‌ಗೆ ಬನ್ನಿ, 1946. 1943ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿದಾಗ ಅದರ ಜೊತೆ ಉಕ್ರೇನಿನಿಂದ, ಮನೇಲಿ ಜರ್ಮನ್ ಮಾತಾಡ್ತಿದ್ದ ಸುಮಾರು 35,000 ಮೆನೋನೈಟರು ಗಾಡಿ ಕಟ್ಟಿಕೊಂಡು ಹೊರಟಿದ್ರು. ಯುದ್ಧ ಮುಗಿದ ಮೇಲೆ ಹೆಚ್ಚಿನವರನ್ನ ಸೋವಿಯತ್ತಿನವರು ಹಿಡಿದು ವಾಪಸ್ ಕಳಿಸಿದ್ರು. ಯುದ್ಧ ಗೆದ್ದ ದೇಶಗಳು ಬರ್ಲಿನ್ ಹಂಚಿಕೊಂಡಿದ್ವು; ಉಳಿದವರಲ್ಲಿ ಸಾವಿರಕ್ಕೂ ಮಿಕ್ಕಿ ಜನ ಅದರ ಅಮೆರಿಕನ್ ಭಾಗದಲ್ಲಿ ಬಂದು ಸೇರಿಕೊಂಡ್ರು. ಅವರ ಶಿಬಿರ ನೋಡಿಕೊಂಡಿದ್ದು ಪೀಟರ್, ಎಲ್ಫ್ರೀಡಾ. ಬಹುಪಾಲು ಹೆಂಗಸರು, ಮಕ್ಕಳು. ಗಂಡಸರು ಎಲ್ಲಿ ಅಂತೀರಾ? 1937-38ರಲ್ಲಿ ಸ್ಟಾಲಿನ್ ಪೊಲೀಸರು ರಾತ್ರೋರಾತ್ರಿ ಎತ್ತಾಕಿಕೊಂಡು ಹೋಗಿದ್ರು.

ಇವರನ್ನೆಲ್ಲ ದಕ್ಷಿಣ ಅಮೆರಿಕದ ಪರಾಗ್ವೆಗೆ ಸಾಗಿಸಬೇಕು. 'ವೋಲೆಂಡಾಮ್' ಅನ್ನೋ ಡಚ್ ಹಡಗು ಬ್ರೆಮರ್‌ಹಾಫೆನ್ ಬಂದರಲ್ಲಿ ಕಾದು ನಿಂತಿದೆ. ಬರ್ಲಿನ್‌ನಿಂದ ಅಲ್ಲಿಗೆ ರೈಲು ಹೋಗಬೇಕಂದ್ರೆ ಸೋವಿಯತ್ ವಲಯ ದಾಟಬೇಕು. ಒಪ್ಪಿಗೆ ಇಲ್ಲ, ಇಲ್ಲ, ಇಲ್ಲ ಅಂತಿದ್ದು, ಇನ್ನು ಕೈಬಿಟ್ಟಂಗೇ ಅನ್ನೋ ಗಳಿಗೇಲಿ ಸಿಕ್ತು. 1947ರ ಫೆಬ್ರವರಿ 1ಕ್ಕೆ, ಬೇರೆ ಕಡೆಯ ನಿರಾಶ್ರಿತರೂ ಸೇರಿ 2,303 ಜನರನ್ನ ಹೊತ್ತು ಹಡಗು ಹೊರಟಿತು. ಮೆನೋನೈಟರು ಇದನ್ನ ಬೈಬಲಿನಲ್ಲಿ ಮೋಶೆ ತನ್ನ ಜನರ ಜೊತೆ ಕೆಂಪು ಸಮುದ್ರ ದಾಟಿದ ಪವಾಡಕ್ಕೆ ಹೋಲಿಸಿ ಇವತ್ತಿಗೂ ಹೇಳ್ತಾರೆ. ಕತೇಲಿ ಮೋಶೆ ಪೀಟರ್. ಅಧಿಕಾರಿಗಳ ಬಾಗಿಲು ತಟ್ಟಿದ್ದು ಅವರು, ಸರಿ, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಇರೋದು ಇಲ್ಲಿ. ಬಾಗಿಲು ತೆರೀತು ಅಂತಲೇ ಇಟ್ಕೊಳಿ. ಆ ಬಾಗಿಲ ತನಕ ಸಾವಿರ ಜನರನ್ನ ಜೀವಂತ ಇಡಬೇಕಲ್ಲ? ಬಾಂಬ್ ಬಿದ್ದ ಊರು, ಹಾಳು ಚಳಿಗಾಲ, ಒಂದೊಂದು ಕೋಣೇಲೂ ಗಿಜಿಗಿಜಿ ಜನ. ಹೇನು, ಕಜ್ಜಿ, ಭೇದಿ, ಬಸುರಿಯರು, ಹಾಲು ಬತ್ತಿದ ತಾಯಂದಿರು. ಒಂದು ಮಗುವಿಗೆ ದಡಾರ ಬಂದ್ರೆ ಸಾಕು, ಹಡಗಿನ ವೈದ್ಯರ ತಪಾಸಣೇಲಿ ಇಡೀ ಗುಂಪೇ ನಿಲ್ಲಬಹುದು. ಇದನ್ನೆಲ್ಲ ಕಾಯೋ ಎಲ್ಫ್ರೀಡಾ ಕೆಲಸಕ್ಕೆ ಪವಾಡ ಅನ್ನಲ್ಲ ಯಾರೂ. ಸ್ವಲ್ಪ ಓದಿಕೊಂಡವರು 'ತಾಯಿ ಹೃದಯ' ಅಂತಾರೆ. ಅದೇನು ಸ್ವಾಮಿ ತಾಯಿ ಹೃದಯ? ಅದು ಓದಿ ಕಲಿತ ವಿದ್ಯೆ! ಮುಂದಿನ ಹಡಗುಗಳಲ್ಲಿ ಗಂಡ ಜೊತೇಲಿಲ್ಲದೆ ಗುಂಪಿನ ಹೊಣೆ ಹೊತ್ತು ಸಾಗರ ದಾಟಿದ್ದು ಇದೇ ಎಲ್ಫ್ರೀಡಾ. ಮೂವತ್ತು ದಾಟಿರೋದೂ ಅನುಮಾನ ಅನ್ನೋ ವಯಸ್ಸು.

ವೋಲೆಂಡಾಮ್ ಜನರ ಪಾಡು ಅಲ್ಲಿಗೂ ಮುಗೀಲಿಲ್ಲ. ಪರಾಗ್ವೆಯಲ್ಲಿ ಅಂತರ್ಯುದ್ಧ ಶುರುವಾಗಿ ಪಕ್ಕದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟೆಂಟ್ ಹಾಕ್ಕೊಂಡು ಕಾಯಬೇಕಾಯ್ತು. ಆಮೇಲೆ ಅವರಲ್ಲಿ ಅನೇಕರು ಪರಾಗ್ವೆಯ ಚಾಕೊ ಅನ್ನೋ ಮುಳ್ಳುಕಾಡಿನಲ್ಲಿ ಊರು ಕಟ್ಟಿದ್ರು. ಗಂಡಸರೇ ಇಲ್ಲದ ಒಂದು ಹಳ್ಳಿಗೆ 'ಹೆಂಗಸರ ಊರು' ಅಂತಲೇ ಅಡ್ಡಹೆಸರು ಬಿತ್ತು.

ಒಂದು ವಿಷಯ ನೋಡಿ. ಮೆನೋನೈಟರಲ್ಲಿ ಇದಕ್ಕೂ ಮುಂಚೆ ಡೀಕನೆಸ್ ಅನ್ನೋ ಪದ್ಧತಿ ಇತ್ತು, ಅಂದ್ರೆ ಚರ್ಚಿನ ಕಡೆಯಿಂದ ರೋಗಿಗಳ ಸೇವೆಗೆ ನಿಂತ ಹೆಣ್ಣುಮಕ್ಕಳು. ಕನ್ಸಾಸ್‌ನ ನ್ಯೂಟನ್‌ನಲ್ಲಿ 1908ರಲ್ಲಿ ಶುರುವಾದ ಆಸ್ಪತ್ರೆ ನಡೆದದ್ದೇ ಅವರ ಮೇಲೆ. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು, ಸಂಬಳ ಇಲ್ಲ. ಮದುವೆಯಾದ್ರೆ ಕೆಲಸ ಬಿಡಬೇಕು. ಹೆಸರಿನ ಮುಂದೆ 'ಸಿಸ್ಟರ್'. ನಾವು ಇವತ್ತಿಗೂ ವಾರ್ಡಿನಲ್ಲಿ "ಸಿಸ್ಟರ್, ಡ್ರಿಪ್ ಖಾಲಿಯಾಯ್ತು" ಅಂತ ಕೂಗ್ತೀವಲ್ಲ, ಆ ಮಾತು ಕ್ರೈಸ್ತ ಮಠದ ಸನ್ಯಾಸಿನಿಯರು, ಇಂಥ ಡೀಕನೆಸ್‌ಗಳ ಕಾಲದಿಂದ ಬಂದದ್ದು. ಸಂಬಳವಿಲ್ಲದ ಸೇವೆಯ ವಾಸನೆ ಆ ಪದಕ್ಕೆ ಅಂಟಿಕೊಂಡೇ ಇದೆ. ನಮ್ಮ ನರ್ಸ್‌ಗಳು ಸಂಬಳ ಕೇಳಿ ಧರಣಿ ಕೂತ್ರೆ "ಸೇವೆ ಮಾಡೋರಿಗೆ ಇದೆಲ್ಲ ಯಾಕೆ" ಅಂತೀವಲ್ಲ, ಅದರ ಬೇರೂ ಅಲ್ಲೇ.

ಎಲ್ಫ್ರೀಡಾ ಕಾಲಕ್ಕೆ ನರ್ಸೂ ಆಗಬಹುದು, ಅಮ್ಮನೂ ಆಗಬಹುದು ಅಂತಾಯ್ತು. ಇಬ್ಬರು ಹೆಣ್ಣುಮಕ್ಕಳಾದ್ರು. ಪೀಟರ್ ಕನ್ಸಾಸ್‌ನಲ್ಲಿ ಪಾದ್ರಿಯಾಗಿದ್ದು, 1957ರಲ್ಲಿ ಸಂಸಾರ ಸಮೇತ ಫ್ರಾಂಕ್‌ಫರ್ಟ್‌ಗೆ ಹೋದ್ರು. ಹತ್ತು ವರ್ಷ ಅಲ್ಲಿ. ಮಕ್ಕಳು ಜರ್ಮನ್ ಶಾಲೆ ಓದ್ತಾ ಬೆಳೆದಿರಬೇಕು, ಅಮ್ಮನ ಮನೆಮಾತು ಅವರಿಗೆ ಬೀದಿಯ ಮಾತೂ ಆಗಿರಬೇಕು. ಆಕೆ 2004ರಲ್ಲಿ ತೀರಿಕೊಂಡ್ರು.

ನಮ್ಮಮ್ಮ ನೈಟ್ ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ನಾವು ಶಾಲೆಗೆ ಹೊರಟಿರ್ತಿದ್ವಿ. ಬಾಗಿಲಲ್ಲೇ ನಿಂತು ಹಣೆ ಮೇಲೆ ಹಿಂಗೈ ಇಡೋಳು. ಆಮೇಲೆ ಥರ್ಮಾಮೀಟರ್ ಕೊಡವಿ ಕಂಕುಳಲ್ಲಿಟ್ಟು, ಎದೆಗೆ ಪಿನ್ ಹಾಕಿದ್ದ ಗಡಿಯಾರ ನೋಡ್ತಾ ನಾಡಿ ಎಣಿಸೋಳು. ಕೈ ತಾಯಿದು, ಎಣಿಕೆ ನರ್ಸ್‌ದು. ಅಣ್ಣನಿಗೆ ಮೊದಲನೇದು ಮಾತ್ರ ನೆನಪಿದೆ.

ಮುಂದಿನ ತಿಂಗಳು ವರ್ಷಾಬ್ದಿಕ. ಪೇಪರ್‌ಗೆ ಮತ್ತೆ ಕೊಡ್ತಾರೆ. 'ನಿವೃತ್ತ ಸ್ಟಾಫ್ ನರ್ಸ್, 31 ವರ್ಷ' ಅಂತ ಹಾಕು, ಆ ಸಾಲಿನ ದುಡ್ಡು ನಾನು ಕೊಡ್ತೀನಿ ಅಂತ ಅಣ್ಣನಿಗೆ ವಾಟ್ಸಾಪ್ ಮಾಡಿದೀನಿ. ಎರಡು ಟಿಕ್ ಬಂದಿದೆ, ಇನ್ನೂ ನೀಲಿ ಆಗಿಲ್ಲ.