ಮುಂಬೈ ವಿಕ್ಟೋರಿಯಾ ನಿಂತಿತು, ಮೈಸೂರು ಟಾಂಗಾ?

ಈ ಕುದುರೆಯ ಕಿವಿ ನೋಡಿ. ಎಡಗಿವಿ ಮಾತ್ರ ಹಿಂದಕ್ಕೆ ತಿರುಗಿದೆ. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತಿದೆ, ಕಣ್ಣಿನ ಪಕ್ಕ ಪಟ್ಟಿ ಇರುವುದರಿಂದ ಪಾಪ ಅದಕ್ಕೆ ಏನೂ ಕಾಣುವುದಿಲ್ಲ, ಕಿವಿಯಲ್ಲೇ ನೋಡುತ್ತಿದೆ. ಮೈಸೂರು ಅರಮನೆ ಹತ್ತಿರ ಬೆಳಿಗ್ಗೆ ತೆಗೆದ ಶಾಟ್ ಇದು. ಟಾಂಗಾ ಬಗ್ಗೆ ಚಂದದ ವಿಡಿಯೊ ಮಾಡೋಣ ಅಂತ ಹೋದವನು, ನಿಂತು ನೋಡುತ್ತಾ ಮುಂಬೈ ನೆನಪಾಯಿತು.

ಚಿಕ್ಕವನಿದ್ದಾಗ ಮಾಟುಂಗಾದಲ್ಲಿದ್ದ ಮಾವನ ಮನೆಗೆ ಹೋದರೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ವಿಕ್ಟೋರಿಯಾ ಅನ್ನೋ ಕುದುರೆ ಗಾಡಿಯಲ್ಲಿ ಸವಾರಿ ಆಗಲೇಬೇಕಿತ್ತು. ಬೆಳ್ಳಿ ಬಣ್ಣದ ಗಾಡಿ, ಪ್ಲಾಸ್ಟಿಕ್ ಹೂವು, ಮಿಣಮಿಣ ಲೈಟು. ಹೆಸರು ರಾಣಿಯದು, ನೋಡಿದರೆ ಮದುವೆ ಮಂಟಪ. ಕುದುರೆ ಯಾವ ಬಣ್ಣದ್ದು ಅಂತ ಕೇಳಿ, ನೆನಪಿಲ್ಲ.

2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಇದಕ್ಕೆಲ್ಲ ಬ್ರೇಕ್ ಹಾಕಿತು. ಪ್ರಾಣಿಗಳ ಪರವಾಗಿ ಒಂದು ಟ್ರಸ್ಟ್ ಹಾಕಿದ್ದ ಅರ್ಜಿ ಅದು. ಪೀಠದಲ್ಲಿದ್ದವರು ಅಭಯ್ ಓಕಾ, 2019ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಬಂದರಲ್ಲ, ಅವರೇ. ಬರೀ ಮೋಜಿಗಾಗಿ ಕುದುರೆ ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ, ಒಂದು ವರ್ಷದೊಳಗೆ ನಿಲ್ಲಿಸಿ, ಗಾಡಿಯವರ ಹೊಟ್ಟೆಪಾಡಿಗೆ ಸರ್ಕಾರವೇ ಒಂದು ದಾರಿ ಮಾಡಲಿ ಅಂದರು. ಲಾಯಗಳಿಗೆ ಲೈಸೆನ್ಸ್ ಇಲ್ಲದ ವಿಷಯವೂ ಅಲ್ಲಿ ಬಂತು.

ನನ್ನ ಪ್ರಕಾರ ತೀರ್ಪು ಸರಿ. ಪರಂಪರೆ ಅಂತಾರೆ. ಆದರೆ ಆ ಸೆಕೆ, ಆ ಡಾಂಬರು, ಆ ಟ್ರಾಫಿಕ್ ನಡುವೆ ನಮ್ಮ ಸೆಲ್ಫಿಗೋಸ್ಕರ ಒಂದು ಜೀವ ಓಡಬೇಕು ಅನ್ನೋದು ಯಾವ ಪರಂಪರೆ? ಅಲ್ಲಿ ಯಾರೂ ವಿಕ್ಟೋರಿಯಾ ಹತ್ತಿ ಆಫೀಸಿಗೆ ಹೋಗುತ್ತಿರಲಿಲ್ಲ.

ನನಗೆ ಕಿರಿಕಿರಿ ಆಗೋದು ಬೇರೆ ಕಡೆ. ಕುದುರೆ ಇಲ್ಲದ ಬ್ಯಾಟರಿ ವಿಕ್ಟೋರಿಯಾ ಮುಂಬೈ ರಸ್ತೆಗೆ ಇಳಿದದ್ದು 2021ರ ಮಾರ್ಚ್‌ನಲ್ಲಿ. ತೀರ್ಪಿಗೂ ಅದಕ್ಕೂ ಹೆಚ್ಚೂಕಡಿಮೆ ಆರು ವರ್ಷ ಅಂತರ. ಆಟೋ ಆದರೆ ಮೂಲೆಯಲ್ಲಿ ನಿಲ್ಲಿಸಿ ಟಾರ್ಪಾಲ್ ಹೊದಿಸಬಹುದು, ಅಲ್ವಾ? ಕುದುರೆಗೆ ದುಡಿಮೆ ಇರಲಿ ಬಿಡಲಿ, ಹುಲ್ಲು ಬೇಕು, ಹುರುಳಿ ಬೇಕು, ಲಾಳ ಸವೆದರೆ ಹೊಸ ಲಾಳ ಹೊಡೆಸಬೇಕು. ನಿಲ್ಲಿಸಿ ಅನ್ನೋ ದಿನವೇ ಕುದುರೆ ಎಲ್ಲಿಗೆ ಹೋಗುತ್ತೆ ಅನ್ನೋದೂ ತೀರ್ಮಾನ ಆಗಬೇಕಿತ್ತು.

ಹಾಗಾದರೆ ಮೈಸೂರಿನಲ್ಲೂ ನಿಲ್ಲಿಸೋಣವಾ? ಇಲ್ಲಿ ನನ್ನ ನಾಲಿಗೆ ತಡವರಿಸುತ್ತೆ. ನಮ್ಮೂರ ಟಾಂಗಾ ಅಂದ ತಕ್ಷಣ "ಇದು ಬೇರೆ ಕಣ್ರೀ" ಅನ್ನಬೇಕು ಅನಿಸುತ್ತೆ. ಬಿಸಿಲು ಒಂದಿಷ್ಟು ಕಡಿಮೆ ಇರಬಹುದು. ಹಾರ್ನ್ ಅದೇ, ಡಾಂಬರೂ ಅದೇ.

ಈಗ ಸ್ಕ್ರೀನ್ ಮೇಲೆ ಕಾಣುವ ಈ ಕೈ ಟಾಂಗಾ ಓಡಿಸುವ ಹಿರಿಯರದು, ಮುಖ ತೋರಿಸಬೇಡಿ ಅಂದರು. ನೆನೆಸಿದ ಹುರುಳಿಯನ್ನು ಚೀಲಕ್ಕೆ ಹಾಕಿ ಕುದುರೆ ಮೂತಿಗೆ ಕಟ್ಟುತ್ತಿದ್ದಾರೆ. ಬೆಳಿಗ್ಗೆಯಿಂದ ಒಂದೂ ಬಾಡಿಗೆ ಆಗಿರಲಿಲ್ಲ.

"ಮುಂಬೈ ತರ ಇಲ್ಲೂ ನಿಲ್ಲಿಸಿಬಿಟ್ಟರೆ ಏನು ಮಾಡ್ತೀರಾ ಭಾಯ್?" ಅಂದೆ.

"ನಂದು ಬಿಡಪ್ಪ, ಎಲ್ಲೋ ವಾಚ್‌ಮನ್ ಆಗ್ತೀನಿ. ಇದನ್ನ ಯಾರು ವಾಚ್‌ಮನ್ ಮಾಡ್ಕೋತಾರೆ?"

ನಕ್ಕೆ. ಹತ್ತಲು ಮನಸ್ಸಾಗಲಿಲ್ಲ. ಹುರುಳಿಗೆ ಇರಲಿ ಅಂತ ನೂರು ರೂಪಾಯಿ ಚಾಚಿದೆ. ಅವರು ಕೈ ಒರೆಸಿಕೊಂಡು ಹಿಂದಿನ ಸೀಟು ತಟ್ಟಿ, "ಹತ್ತಿ ಕೂತ್ಕೊಂಡು ಕೊಡಪ್ಪ" ಅಂದರು.