ಒರೆಸುವ ಮೊದಲು ನೋಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ಕೆಳಗಿನ ಪಾರ್ಕಿಂಗ್‌ನಲ್ಲಿ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ. ಎಂಟು ಗಾಡಿಗೆ ಗೀರು, ಎರಡರ ಕನ್ನಡಿ ಮುರಿದಿದೆ. ಅದನ್ನೇ ಮತ್ತೆ ಹೇಳುತ್ತಾ ಕೂರುವುದಿಲ್ಲ. ಮಾತಾಡಿ ಅಂತ ಕರೆದಾಗ ನನಗೆ ಒಂದೇ ಮಾತು ಹೇಳಬೇಕು ಅನ್ನಿಸಿತು. ನಿಲ್ಲಿಸಿದ ಗಾಡಿಗೆ ಯಾರೋ ಹಾನಿ ಮಾಡಿದ್ದು ಕಂಡರೆ ಮೊದಲ ಹತ್ತು ನಿಮಿಷ ಕೈ ಕಟ್ಟಿ ನಿಲ್ಲಿ. ಒರೆಸಬೇಡಿ, ಸ್ಟಾರ್ಟ್ ಮಾಡಬೇಡಿ, ಯಾರ ಹೆಸರನ್ನೂ ಎತ್ತಬೇಡಿ. ಸುಮ್ನೆ ನೋಡಿ.

ಇದನ್ನು ನನಗೆ ಕಲಿಸಿದ್ದು ನನ್ನ ಹಳೆಯ ಬಿಳಿ ಕಾರು. ಆಗ ನಾವು ಬೇರೆ ಕಡೆ ಇದ್ದೆವು. ಕಾರು ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೊರಟವನು ನೋಡುತ್ತೇನೆ, ಎಡಗಡೆಯ ಹಿಂದಿನ ಬಾಗಿಲಿನಿಂದ ಚಕ್ರದವರೆಗೂ ಗೀರು. ಹೊಟ್ಟೆ ಉರಿದುಹೋಯಿತು. ಹಿಂದಿನ ವಾರವಷ್ಟೇ ಪಕ್ಕದ ಮನೆಯವರ ಜೊತೆ ಗಾಡಿ ನಿಲ್ಲಿಸುವ ಜಾಗಕ್ಕೆ ಮಾತಿಗೆ ಮಾತು ಬೆಳೆದಿತ್ತು. ಇನ್ಯಾರು ಮಾಡ್ತಾರೆ, ಅವರೇ ಅಂದುಕೊಂಡೆ. ಡಿಕ್ಕಿಯಲ್ಲಿದ್ದ ಬಟ್ಟೆ ನೆನೆಸಿ ಗೀರನ್ನು ಗಸಗಸ ಉಜ್ಜಿದೆ. ಬಟ್ಟೆಯನ್ನು ಡಿಕ್ಕಿಗೆ ಎಸೆದು ನೇರ ಹೋಗಿ ಅವರ ಬಾಗಿಲು ಬಡಿದೆ. ವಯಸ್ಸಾದವರು. ಕನ್ನಡಕ ಸರಿಮಾಡಿಕೊಳ್ಳುತ್ತಾ ಬಾಗಿಲು ತೆಗೆದರು. ಅವರ ಮೊಮ್ಮಗಳ ಎದುರಿಗೇ ಆಡಬಾರದ ಮಾತು ಆಡಿಬಿಟ್ಟೆ. "ನಾನಲ್ಲಪ್ಪಾ" ಅಂದರು ಅವರು. ಅಷ್ಟೇ.

ನಾಲ್ಕು ದಿನ ಬಿಟ್ಟು ಕಾರನ್ನು ಗ್ಯಾರೇಜಿಗೆ ಒಯ್ದೆ. ಪೇಂಟ್ ಮಾಡುವ ಹುಡುಗ ಕುಕ್ಕರುಗಾಲಲ್ಲಿ ಕೂತು, ಗೀರಿನ ಮೇಲೆ ಉಗುರು ಆಡಿಸಿ, "ಸಾರ್, ಇದು ಕೀಯಲ್ಲಿ ಗೀಚಿದ್ದಲ್ಲ" ಅಂದ. ಕೀಯಲ್ಲಿ ಗೀಚಿದ ಗೆರೆ ಸಣ್ಣಗಿರುತ್ತೆ, ಕೈ ಅಲುಗಿದ ಕಡೆ ಅಂಕುಡೊಂಕು ಆಗುತ್ತೆ, ಹೆಚ್ಚಾಗಿ ನಿಂತವರ ಕೈ ಎತ್ತರದಲ್ಲೇ ಇರುತ್ತೆ. ಇದು ಮೊಣಕಾಲಿನ ಎತ್ತರದಲ್ಲಿದೆ, ಎರಡು ಬೆರಳು ಅಗಲ ಇದೆ, ನೆಟ್ಟಗಿದೆ. ಬೇರೆ ಗಾಡಿಯ ಬಂಪರ್ ಉಜ್ಜಿಕೊಂಡು ಹೋಗಿದೆ ಅಂದ. "ಆ ಗಾಡಿಯ ಬಣ್ಣ ಮೆತ್ತಿರಬೇಕಿತ್ತಲ್ಲ ಸಾರ್, ಎಲ್ಲಿ ಹೋಯ್ತು?" ಡಿಕ್ಕಿ ತೆಗೆದು ಬಟ್ಟೆ ಬಿಡಿಸಿದೆ. ಒಣಗಿ ಮುದುಡಿದ ಬಟ್ಟೆಯ ತುಂಬ ನೀಲಿ ಪುಡಿ. ಪಕ್ಕದ ಮನೆಯಲ್ಲಿ ಇದ್ದದ್ದು ಒಂದೇ ಸ್ಕೂಟರ್. ಅದರ ಬಣ್ಣ ಕೆಂಪು.

ಹೋಗಿ ಕ್ಷಮೆ ಕೇಳಿದೆ. ಅವರು ಒಳಗೆ ಕರೆದು ಕೂರಿಸಿದರು, ದೊಡ್ಡ ಮನಸ್ಸು. ಆದರೆ ಆ ಮಗು, ನಾವು ಆ ಮನೆ ಬಿಡುವವರೆಗೂ ನನ್ನನ್ನು ಕಂಡರೆ ಬಾಗಿಲ ಹಿಂದೆ ಸರಿಯುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರಲ್ಲ, ಆ ಗಾದೆ ಕೇಳಿದಾಗಲೆಲ್ಲ ನನಗೆ ಆ ಬಾಗಿಲು ಕಾಣುತ್ತೆ.

ಸರಿ, ಆ ಹತ್ತು ನಿಮಿಷದಲ್ಲಿ ಮಾಡೋದೇನು? ಮೊದಲು ದೂರದಿಂದ ಒಂದು ಫೋಟೋ. ಅದರಲ್ಲಿ ನಂಬರ್ ಪ್ಲೇಟ್ ಕಾಣಬೇಕು, ಗಾಡಿ ನಿಂತ ಜಾಗವೂ ಕಾಣಬೇಕು. ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಒಂದು ನಾಣ್ಯ ಹಿಡಿದು. ಗೀರನ್ನು ನೇರ ಬೆಳಕಲ್ಲಿ ತೆಗೆದರೆ ಏನೂ ಕಾಣಲ್ಲ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ನೆಲ ನೋಡಿ. ಗಾಜಿನ ಚೂರು, ಕಲ್ಲು, ಬೇರೆ ಗಾಡಿಯ ಪ್ಲಾಸ್ಟಿಕ್ ತುಂಡು ಏನಿದ್ದರೂ ಇದ್ದಲ್ಲೇ ಫೋಟೋ ತೆಗೆಯಿರಿ. ನೀವು ಗಾಡಿ ನಿಲ್ಲಿಸಿದ್ದು ಎಷ್ಟು ಹೊತ್ತಿಗೆ, ನೋಡಿದ್ದು ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಿ. ಎರಡು ದಿನ ಕಳೆದರೆ ನೆನಪು ಕಲಸಿಹೋಗುತ್ತೆ.

ಇದಕ್ಕೆ ಒಂದೇ ವಿನಾಯಿತಿ. ಬಾನೆಟ್ ಮೇಲೆ ಬ್ರೇಕ್ ಆಯಿಲ್ ಸುರಿದಿದ್ದರೆ ಕಾಯಬೇಡಿ, ಅದು ಬಣ್ಣವನ್ನೇ ತಿನ್ನುತ್ತೆ. ಎರಡು ಫೋಟೋ ತೆಗೆದು ಕೂಡಲೇ ಧಾರಾಳ ನೀರು ಸುರಿಯಿರಿ. ಆಗಲೂ ಉಜ್ಜಬೇಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮೀಟಿದ ಗುರುತಿದ್ದರೆ ಇಂಜಿನ್ ಶುರು ಮಾಡಲೇಬೇಡಿ. ಸಕ್ಕರೆ ಹಾಕಿದರೆ ಇಂಜಿನ್ ಪಾಕವಾಗುತ್ತೆ ಅಂತ ನಾವೆಲ್ಲ ಕೇಳಿದ್ದೇವೆ, ಅಲ್ವಾ? ಸಕ್ಕರೆ ಪೆಟ್ರೋಲಿನಲ್ಲಿ ಕರಗುವುದೇ ಇಲ್ಲ, ತಳದಲ್ಲಿ ಕೂರುತ್ತೆ, ಫಿಲ್ಟರ್ ಕಟ್ಟುತ್ತೆ. ಗಾಡಿ ಶುರು ಮಾಡದೆ ಟ್ಯಾಂಕ್ ಖಾಲಿ ಮಾಡಿಸಿದರೆ ಹೆಚ್ಚಿನ ಹಾನಿ ತಪ್ಪುತ್ತೆ.

ಗೀರಿನ ಆಳದ ವಿಚಾರ. ಕಾರಿನ ಮೈಮೇಲೆ ತಳಕ್ಕೆ ಬಳಿಯುವ ಪ್ರೈಮರ್, ಬಣ್ಣ, ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ, ಎಲ್ಲ ಪದರ ಸೇರಿದರೂ ದಪ್ಪ ಸುಮಾರು 0.1 ರಿಂದ 0.15 ಮಿಲಿಮೀಟರ್ ಅಷ್ಟೇ. ಫೋಟೋ ಆದ ಮೇಲೆ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪದರದಲ್ಲೇ ಇದೆ, ಸಾಮಾನ್ಯವಾಗಿ ಪಾಲಿಶ್‌ನಲ್ಲಿ ಹೋಗುತ್ತೆ. ಸಿಕ್ಕಿಕೊಂಡರೆ ಬಣ್ಣ ಹಾಕಿಸಬೇಕು. ತಗಡು ಕಂಡರೆ ಇನ್ನು ಮುಂದೂಡಬೇಡಿ, ನೀರು ತಾಗಿದರೆ ತುಕ್ಕು ಶುರು. ಆದರೆ ಪಾಲಿಶ್ ಡಬ್ಬಿ ಹಿಡಿದು ನೀವೇ ಇಳಿಯಬೇಡಿ. ನನ್ನ ಬಟ್ಟೆ ನೆನಪಿಟ್ಟುಕೊಳ್ಳಿ.

ಬೇಗ ರಿಪೇರಿ ಮಾಡಿಸಿ ಅನ್ನೋದಕ್ಕೆ ಇನ್ನೊಂದು ಕಾರಣವಿದೆ. 1969ರಲ್ಲಿ ಫಿಲಿಪ್ ಜಿಂಬಾರ್ಡೋ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಎರಡು ಕಾರು ಬಿಟ್ಟರು. ಒಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ. ನಂಬರ್ ಪ್ಲೇಟ್ ಇಲ್ಲ, ಬಾನೆಟ್ ಎತ್ತಿಟ್ಟಿದ್ದು. ಬ್ರಾಂಕ್ಸ್‌ನಲ್ಲಿ ಹತ್ತೇ ನಿಮಿಷಕ್ಕೆ ಕಿತ್ತು ಒಯ್ಯಲು ಶುರು. ಮೊದಲು ಬಂದದ್ದು ಅಪ್ಪ, ಅಮ್ಮ, ಮಗ, ಒಂದು ಸಂಸಾರ! ರೇಡಿಯೇಟರ್, ಬ್ಯಾಟರಿ ಬಿಚ್ಚಿಕೊಂಡು ಹೋದರು. ಪಾಲೋ ಆಲ್ಟೋದಲ್ಲಿ ವಾರ ಕಳೆದರೂ ಯಾರೂ ಮುಟ್ಟಲಿಲ್ಲ. ಜಿಂಬಾರ್ಡೋ ಅವರೇ ಸುತ್ತಿಗೆ ಹಿಡಿದು ಒಂದಷ್ಟು ಒಡೆದ ಮೇಲೆ ಉಳಿದವರೂ ಕೈಹಾಕಿದರು. ಇದನ್ನಿಟ್ಟುಕೊಂಡು 1982ರಲ್ಲಿ ವಿಲ್ಸನ್ ಮತ್ತು ಕೆಲ್ಲಿಂಗ್ ಎಂಬ ಇಬ್ಬರು ವಿದ್ವಾಂಸರು, ಒಡೆದ ಒಂದು ಕಿಟಕಿಯನ್ನು ಹಾಗೇ ಬಿಟ್ಟರೆ ಉಳಿದವೂ ಒಡೆಯುತ್ತವೆ ಅಂತ ದೊಡ್ಡ ವಾದವನ್ನೇ ಕಟ್ಟಿದರು. ಅದರ ಸರಿತಪ್ಪಿನ ಚರ್ಚೆ ಇವತ್ತಿಗೂ ಮುಗಿದಿಲ್ಲ. ನನಗೆ ಬೇಕಾದದ್ದು ಇಷ್ಟೇ. ಮುರಿದ ಕನ್ನಡಿಯನ್ನು ಹಾಗೇ ಬಿಟ್ಟರೆ ಈ ಗಾಡಿಗೆ ಹೇಳೋರು ಕೇಳೋರು ಇಲ್ಲ ಅಂತ ತೋರಿಸಿದ ಹಾಗಾಗುತ್ತೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಿಸಿಟಿವಿ ರೆಕಾರ್ಡಿಂಗ್ ಶಾಶ್ವತ ಅಲ್ಲ, ಹಳೆಯದರ ಮೇಲೆ ಹೊಸದು ಬರುತ್ತೆ. ಇವತ್ತೇ ಬೇರೆ ಕಡೆ ಕಾಪಿ ಮಾಡಿಸಿ. ಆ ಪರದೆಯ ಗಡಿಯಾರ ಸರಿಯಿದೆಯಾ ಅಂತ ನಿಮ್ಮ ಫೋನ್ ಜೊತೆ ಹೋಲಿಸಿ, ವ್ಯತ್ಯಾಸ ಬರೆದಿಡಿ. ಪೊಲೀಸರಿಗೆ ಕಂಡದ್ದನ್ನು ಮಾತ್ರ ಬರೆದುಕೊಡಿ, ಅನುಮಾನವನ್ನು ಅನುಮಾನ ಅಂತಲೇ ಹೇಳಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ನಿಮ್ಮ ಗಾಡಿಯ ಹಾನಿಗೆ ಅದು ಬರುವುದಿಲ್ಲ. ಪೂರ್ತಿ ಪಾಲಿಸಿ ಇದ್ದರೂ ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಹೋಗಬಹುದು, ಕೈಯಿಂದ ಕೊಡಬೇಕಾದ ಪಾಲೂ ಇರುತ್ತೆ. ಕ್ಲೇಮ್ ಮಾಡುವುದಾದರೆ, ಇನ್ಶೂರೆನ್ಸಿನವರು ನೋಡಿ ಒಪ್ಪುವ ತನಕ ರಿಪೇರಿಗೆ ಕೈಹಾಕಬೇಡಿ. ಡ್ಯಾಶ್‌ಕ್ಯಾಮ್ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಹೇಳುತ್ತೇನೆ.

ಶನಿವಾರದಿಂದ ಮೆಟ್ಟಿಲ ಹತ್ತಿರ ಒಬ್ಬ ಹುಡುಗನ ಹೆಸರು ಓಡಾಡುತ್ತಿದೆ. ದಯವಿಟ್ಟು ಇವತ್ತು ಆ ಹೆಸರು ಬೇಡ. ಎಂಟು ಗಾಡಿಗಳಲ್ಲಿ ಐದನ್ನು ಇನ್ನೂ ಯಾರೂ ತೊಳೆದಿಲ್ಲವಂತೆ. ಟಾರ್ಚ್ ತಂದಿದ್ದೇನೆ. ಫೋನಿನಲ್ಲಿ ಚಾರ್ಜ್ ಇರುವವರು ಬನ್ನಿ, ಕೆಳಗೆ ಹೋಗೋಣ.