ನಾಲ್ಕೇ ಟ್ರ್ಯಾಕು

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯಲ್ಲಿ ಈಗ ರೆಕಾರ್ಡಿಂಗ್ ರೂಮುಗಳಿಗೆ ಬರವಿಲ್ಲ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಗೋಡೆಗೆ ನಾಲ್ಕು ಕೌದಿ ಇದ್ದರೆ ಸ್ಟುಡಿಯೊ ತಯಾರು. ನಾನೂ ಅಂಥದ್ದೇ ಕೋಣೆಯಲ್ಲಿ ತತ್ವಪದ, ಭಜನೆ, ಮೊಹರಂ ಪದ ರೆಕಾರ್ಡ್ ಮಾಡುವವನು. ಕೌದಿ ಯಾಕೆ ಅಂದರೆ, ನಮ್ಮಲ್ಲಿ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ದನಿ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಫ್ಯಾನ್ ಹಾಕುವಂತಿಲ್ಲ, ಅದರ ಸದ್ದೂ ಮೈಕಿಗೆ ಬೀಳುತ್ತದೆ. ಮೇ ತಿಂಗಳಲ್ಲಿ ಇದು ಎಂಥ ಶಿಕ್ಷೆ ಅಂತ ನಿಮಗೇನು ಹೇಳುವುದು!

ಇವತ್ತಿನ ಮಾತು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ ಬಗ್ಗೆ. ಒಂದು ಹಳೆಯ ಮನೆಯನ್ನು ಗ್ರಾಮೊಫೋನ್ ಕಂಪನಿ ಕೊಂಡು, ಹಿಂದೆ ದೊಡ್ಡ ಹಾಲ್‌ಗಳನ್ನು ಕಟ್ಟಿಸಿ, 1931ರ ನವೆಂಬರ್‌ನಲ್ಲಿ ಶುರುಮಾಡಿತು. 1962ರಿಂದ ಬೀಟಲ್ಸ್ ಅನ್ನುವ ಇಂಗ್ಲಿಷ್ ಬ್ಯಾಂಡಿನ ಹುಡುಗರು ಅಲ್ಲಿ ಹಾಡಿದರು, ಜಗತ್ತಿಗೆಲ್ಲ ಗೊತ್ತಾದರು. ನನಗೆ ಮಾತ್ರ ಗಾಜಿನ ಆಚೆ ಕೂತು ರೆಕಾರ್ಡ್ ಮಾಡುವವರ ಮೇಲೆ ಜಾಸ್ತಿ ಕುತೂಹಲ.

ಅಲ್ಲಿ ಇಬ್ಬರು ಇರುತ್ತಾರೆ. ದನಿಯ ಚಿಂತೆ ಎಂಜಿನಿಯರ್‌ಗೆ, ಹಾಡಿನ ಚಿಂತೆ ಪ್ರೊಡ್ಯೂಸರ್‌ಗೆ. ಮೈಕು ಎಲ್ಲಿಡಬೇಕು ಅಂತ ಒಬ್ಬರು ನೋಡಿದರೆ, ಈ ನುಡಿ ಇರಲಿ, ಆ ವಾದ್ಯ ಬೇಡ, ಇಲ್ಲಿಗೆ ಸಾಕು ಅಂತ ಇನ್ನೊಬ್ಬರು ಹೇಳುತ್ತಾರೆ. ನಮ್ಮ ಕೋಣೆಗಳಲ್ಲಿ ಎರಡನ್ನೂ ಒಬ್ಬನೇ ಮಾಡುತ್ತಾನೆ. ಕರೆಂಟು ಹೋದರೆ ಇನ್ವರ್ಟರ್ ನೋಡುವವನೂ ಅವನೇ.

ಬೀಟಲ್ಸ್‌ನ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್. ಸಂಗೀತ ಓದಿದವರು, ಓಬೊ ಅನ್ನುವ ಊದುವ ವಾದ್ಯ ನುಡಿಸುತ್ತಿದ್ದವರು. ಅರವತ್ತರ ದಶಕದ ನಡುವೆ ಅವರ ಕೈಯಲ್ಲಿದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಮಷಿನ್ನು, ಅಂದರೆ ಒಂದೇ ಟೇಪಿನ ಮೇಲೆ ದನಿಗಳನ್ನು ಬೇರೆ ಬೇರೆ ಹಿಡಿಯಲು ನಾಲ್ಕೇ ಪಟ್ಟಿ. ನಾಲ್ಕೂ ತುಂಬಿದವು ಅನ್ನಿ. ಅವನ್ನು ಇನ್ನೊಂದು ಮಷಿನ್ನಿನಲ್ಲಿ ಒಂದೋ ಎರಡೋ ಟ್ರ್ಯಾಕಿಗೆ ಕೂಡಿಸಿ ಇಳಿಸುತ್ತಿದ್ದರು. ಆಗ ಹೊಸದಕ್ಕೆ ಜಾಗ ಸಿಗುತ್ತಿತ್ತು. ಆದರೆ ಒಮ್ಮೆ ಕೂಡಿದ ಡ್ರಮ್ಮು, ಗಿಟಾರು ಮತ್ತೆ ಬೇರೆ ಆಗುವುದಿಲ್ಲ. ಯಾವುದು ಎಷ್ಟು ಕೇಳಬೇಕು ಅಂತ ಅಲ್ಲೇ, ಆಗಲೇ ತೀರ್ಮಾನಿಸಬೇಕು. ಆ ಹಾಡುಗಳ ಗಟ್ಟಿತನಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಈಗ ನೂರು ಟ್ರ್ಯಾಕು ಸಿಗುತ್ತವೆ. ಹಾಗಾಗಿ ಎಲ್ಲದಕ್ಕೂ ಒಂದೇ ಉತ್ತರ: "ಮಿಕ್ಸಿಂಗ್‌ನಾಗ ನೋಡೋಣ ಬಿಡ್ರಿ."

1966ರಲ್ಲಿ ಎಂಜಿನಿಯರ್ ಕುರ್ಚಿಗೆ ಬಂದವನು ಜೆಫ್ ಎಮೆರಿಕ್, 20 ವರ್ಷದ ಹುಡುಗ. ಡ್ರಮ್ಮಿಗೂ ಮೈಕಿಗೂ ಇಷ್ಟು ದೂರ ಇರಲೇಬೇಕು ಅಂತ ಅಲ್ಲಿ ನಿಯಮವಿತ್ತು. ಈತ ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿದ, ಮೈಕನ್ನು ಹತ್ತಿರಕ್ಕೇ ತಂದಿಟ್ಟ. ಏಟು ಎದೆಗೇ ಬಿದ್ದಂತೆ ಕೇಳಿತು. ನಿಯಮ ಮುರಿದ ಅಂತ ಹೊಗಳುವುದು ಸುಲಭ. ಆದರೆ ಅವನು ಹದಿಹರೆಯದಿಂದಲೇ ಅಲ್ಲಿ ಸಹಾಯಕನಾಗಿ ಪಳಗಿದ್ದ. ಹತ್ತಿರದ ಏಟಿನ ಗಾಳಿಗೆ ಮೈಕು ಕೆಡುತ್ತದೆ, ಅದಕ್ಕೇ ಆ ನಿಯಮ ಅನ್ನುವುದು ಅವನಿಗೆ ಗೊತ್ತಿತ್ತು.

ಈ ಸ್ಟುಡಿಯೊ ಕಥೆಯಲ್ಲಿ ನಮ್ಮ ಕಡೆಯವರೂ ಒಬ್ಬರಿದ್ದಾರೆ. 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅಲ್ಲಿ ಸಿತಾರ್ ನುಡಿಸುವಾಗ ತಂತಿ ಹರಿಯಿತು. ಲಂಡನ್ನಿನಲ್ಲಿ ಸಿತಾರ್ ತಂತಿ ಯಾರ ಹತ್ತಿರ ಇರುತ್ತದೆ? ಏಷಿಯನ್ ಮ್ಯೂಸಿಕ್ ಸರ್ಕಲ್ ಅನ್ನುವ ಸಂಗೀತ ಸಂಸ್ಥೆ ನಡೆಸುತ್ತಿದ್ದ ಅಯನ ಅಂಗಡಿಯವರಿಗೆ ಫೋನ್ ಹೋಯಿತು. ಹೆಸರು ಕೇಳಿದರೇ ಗೊತ್ತಾಗುತ್ತದೆ ಅಲ್ವಾ, ಉತ್ತರ ಕರ್ನಾಟಕದವರು. ತಂತಿ ಅವರಿಂದಲೇ ಬಂತು.

ಆಗ ಎಂಜಿನಿಯರ್ ಆಗಿದ್ದ ನಾರ್ಮನ್ ಸ್ಮಿತ್‌ಗೆ ಸಿತಾರ್ ತಲೆನೋವಾಗಿತ್ತು. ಮೀಟಿದ ಕೂಡಲೇ ದನಿ ಅಳೆಯುವ ಮೀಟರಿನ ಮುಳ್ಳು ಮೇಲಕ್ಕೆ ಹಾರುತ್ತದೆ, ಕಿವಿಗೆ ಮಾತ್ರ ಅಷ್ಟು ಜೋರು ಕೇಳುವುದಿಲ್ಲ. ನಮಗೆ ಇದೇ ಕಾಟ ಕೊಡುವುದು ಭಜನೆಯ ತಾಳ. ತಾಳಕ್ಕೆ ಹೆದರಿ ಲೆವೆಲ್ ಇಳಿಸಿದರೆ ಹಾಡುವವರ ದನಿ ಸಣ್ಣಗಾಗುತ್ತದೆ. ತಾಳದವರನ್ನು ಮೈಕಿನಿಂದ ದೂರ, ಬಾಗಿಲ ಹತ್ತಿರ ಕೂಡಿಸುವುದೇ ಉಪಾಯ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ, ಚಹಾ ಮೊದಲು ಅವರಿಗೇ ಕೊಟ್ಟರಾಯಿತು.

ತತ್ವಪದ ಹಾಡುವ ಹಿರಿಯರನ್ನು ಒಬ್ಬೊಬ್ಬರನ್ನೇ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಹಾಡಿಸಿದರೆ ಪದ ಸಪ್ಪೆಯಾಗುತ್ತದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ಹಾಡುವವರು. ಹಾಗಾಗಿ ಎಲ್ಲರನ್ನೂ ಒಟ್ಟಿಗೇ ಕೂಡಿಸುತ್ತೇನೆ, ಎರಡೇ ಮೈಕು ಇಡುತ್ತೇನೆ. "ಇನ್ನೊಮ್ಮೆ ಹಾಡ್ರಿ ಮುತ್ಯಾ" ಅಂದರೆ, "ಯಾಕೋ ತಮ್ಮಾ, ಏನ್ ತಪ್ಪಾಗ್ಯಾದ?" ಅನ್ನುತ್ತಾರೆ. ತಪ್ಪೇನೂ ಇರುವುದಿಲ್ಲ. ಸುಮ್ನೆ ಇನ್ನೊಂದಿರಲಿ ಅನ್ನುವುದು ನಮ್ಮ ಚಟ. ಆಮೇಲೆ ನೋಡಿದರೆ ಎಷ್ಟೋ ಸಲ ಮೊದಲನೆಯದೇ ಚೆನ್ನಾಗಿರುತ್ತದೆ. ಇಲ್ಲಿಗೆ ಸಾಕು ಅನ್ನುವ ಧೈರ್ಯ ಮಷಿನ್ನಿನಲ್ಲಿ ಸಿಗುವಂಥದ್ದಲ್ಲ.

ರೆಕಾರ್ಡಿಂಗ್ ಮಾಡುವ ಹುಡುಗರಿಗೆ ಒಂದು ಮಾತು. ಆ್ಯಬಿ ರೋಡ್‌ನಲ್ಲಿ ಯಾವ ದಿನ, ಯಾರು, ಎಷ್ಟನೇ ಟೇಕು, ಅಂದರೆ ಎಷ್ಟನೇ ಸಲ ಹಾಡಿದ್ದು ಅಂತ ಬರೆದಿಡುತ್ತಿದ್ದರು. ಹಳೆಯ ಟೇಪನ್ನು ಇವತ್ತಿಗೂ ಹುಡುಕಿ ತೆಗೆಯಲು ಆಗುವುದು ಅದರಿಂದಲೇ. ನಮ್ಮಲ್ಲಿ ಫೈಲಿನ ಹೆಸರು "ನ್ಯೂ ಫೈನಲ್ ಎರಡು" ಅಂತ ಇರುತ್ತದೆ. ಹಾಡಿದವರ ಹೆಸರು, ಅವರ ಊರು, ತಾರೀಖು, ತಾಳ ಹಾಕಿದವರು ಯಾರು, ಇಷ್ಟನ್ನು ಮುತ್ಯಾ ಎದ್ದು ಬಸ್ ಸ್ಟ್ಯಾಂಡಿಗೆ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ.

ನಮಸ್ಕಾರ.